ಹಳೇ ಬೈಕಿಗೆ ಬ್ಯಾಟರಿ: ಓದುಗರ ಪ್ರಶ್ನೆಗಳಿಗೆ ಉತ್ತರ

100 ಸಿಸಿಯ ಹಳೇ ಬೈಕನ್ನು ಮನೆಯಲ್ಲೇ ಎಲೆಕ್ಟ್ರಿಕ್ ಮಾಡಿಕೊಳ್ಳುವ ಬಗ್ಗೆ ಬಂದ ಪತ್ರಗಳಲ್ಲಿ ಕೆಲವನ್ನು ಇಲ್ಲಿ ಉತ್ತರಿಸಿದ್ದೇವೆ. ಹೆಚ್ಚಿನವರ ಮನೆಯಲ್ಲಿರುವುದು ಸ್ಪ್ಲೆಂಡರ್, ಹಾಗಾಗಿ ಲೆಕ್ಕಗಳೆಲ್ಲ ಆ ಗಾತ್ರದ ಗಾಡಿಗೆ ಹೊಂದುತ್ತವೆ. ಮೋಟಾರ್ ಎಷ್ಟು ವ್ಯಾಟ್‌ನದು ಎಂದು ಕೇಳಿದವರು ಬಹಳ. ಆಕ್ಸಲ್ ತಿರುಗದಂತೆ ಹೇಗೆ ಹಿಡಿಯುವುದು ಎಂದು ಕೇಳಿದವರು ಒಬ್ಬರೇ. ಆ ಉತ್ತರವನ್ನು ಉಳಿದವರೂ ಓದಲಿ.

ಪ್ರಶ್ನೆ: ನನ್ನ 2011ರ ಸ್ಪ್ಲೆಂಡರ್‌ನ ಎಂಜಿನ್ ಕೆಟ್ಟಿದೆ. ಮೋಟಾರ್, ಬ್ಯಾಟರಿ ತರಿಸಿ ನಾನೇ ಜೋಡಿಸಿದರೆ ಆರ್‌ಟಿಒದವರು ಒಪ್ಪುತ್ತಾರಾ? 25 ಕಿಲೋಮೀಟರ್ ವೇಗದೊಳಗೆ ಇದ್ದರೆ ನಂಬರೇ ಬೇಡ ಎನ್ನುತ್ತಾರಲ್ಲ?
– ತಿಪಟೂರಿನ ಓದುಗರು

ಒಪ್ಪುವುದಿಲ್ಲ. ಆರ್‌ಸಿಯಲ್ಲಿ ನಮೂದಾದ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುತ್ತದೆ. 2019ರ ತಿದ್ದುಪಡಿಯಲ್ಲಿ ಬಂದ 182ಎ(4) ಪ್ರಕಾರ ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ.

ಕಾನೂನಿನ ದಾರಿ ಬೇರೆ ಇದೆ. ಎಐಎಸ್-123 ಎಂಬ ಮಾನದಂಡದಡಿ ಪುಣೆಯ ಎಆರ್‌ಎಐ, ಮಾನೇಸರ್‌ನ ಐಸಿಎಟಿಯಂಥ ಸಂಸ್ಥೆಗಳಲ್ಲಿ ಪರೀಕ್ಷೆ ಪಾಸಾದ ಕಿಟ್ ಕೊಳ್ಳಬೇಕು. ಅದನ್ನು ಆ ಕಿಟ್‌ನವರು ಅಧಿಕೃತಗೊಳಿಸಿದ ಜಾಗದಲ್ಲೇ ಹಾಕಿಸಬೇಕು. ಆಮೇಲೆ ಆರ್‌ಟಿಒದಲ್ಲಿ ಆರ್‌ಸಿಯ ಇಂಧನದ ಕಾಲಂ ಬದಲಾಗಿ, ಹಸಿರು ನಂಬರ್ ಪ್ಲೇಟ್ ಬರುತ್ತದೆ. ಮಂಜೂರಾತಿ ಇರುವುದು ಕಿಟ್ಟಿಗೆ ಮಾತ್ರವಲ್ಲ, ಅದು ಯಾವ ಮಾದರಿಯ ಗಾಡಿಗೆ ಎಂಬುದಕ್ಕೂ. ಹಾಗಾಗಿ ದುಡ್ಡು ಕೊಡುವ ಮೊದಲು ನಿಮ್ಮ ಗಾಡಿಯ ಮಾದರಿ ಆ ಪ್ರಮಾಣಪತ್ರದಲ್ಲಿ ಇದೆಯೇ ಎಂದು ಕಾಗದ ತೋರಿಸಿ ಎನ್ನಿ. ‘ಆರ್‌ಟಿಒ ಅಪ್ರೂವ್ಡ್’ ಎಂದು ಬಾಯಲ್ಲಿ ಹೇಳುವವರು ಎಲ್ಲ ಕಡೆ ಸಿಗುತ್ತಾರೆ.

25 ಕಿಲೋಮೀಟರ್‌ನ ವಿನಾಯಿತಿ ನಿಜ, ಆದರೆ ನಿಮಗೆ ಅನ್ವಯಿಸುವುದಿಲ್ಲ. ಮೋಟಾರ್ 250 ವ್ಯಾಟ್‌ಗಿಂತ ಕಮ್ಮಿ, ವೇಗ 25ಕ್ಕಿಂತ ಕಮ್ಮಿ, ಬ್ಯಾಟರಿ ಬಿಟ್ಟು ತೂಕ 60 ಕೆಜಿಯೊಳಗೆ, ಇಷ್ಟೂ ಇದ್ದು ಪರೀಕ್ಷಾ ಸಂಸ್ಥೆ ಪ್ರಮಾಣೀಕರಿಸಿದ ಮಾದರಿಗೆ ಮಾತ್ರ ಅದು. ಈಗಾಗಲೇ ಬೈಕ್ ಎಂದು ನೋಂದಣಿಯಾದ ಗಾಡಿ ಅದರಡಿ ನುಸುಳುವುದಿಲ್ಲ. ಮನೆಯಲ್ಲಿ ಮಾಡಿದ ಗಾಡಿ ನಿಮ್ಮ ತೋಟದೊಳಗೆ, ಕಾಲೇಜಿನ ಅಂಗಳದೊಳಗೆ ಓಡಲಿ. ರಸ್ತೆಗಿಳಿದು ಯಾರಿಗಾದರೂ ತಾಗಿದರೆ ವಿಮೆಯವರು ಮೊದಲು ಕೇಳುವುದೇ ಆರ್‌ಸಿ ಮತ್ತು ಗಾಡಿ ಒಂದೇ ಇದೆಯಾ ಎಂದು. ಕೆಳಗಿನ ಉತ್ತರಗಳನ್ನು ಇದನ್ನು ನೆನಪಿಟ್ಟುಕೊಂಡೇ ಓದಿ.

ಪ್ರಶ್ನೆ: ಒಬ್ಬರು 1,000 ವ್ಯಾಟ್ ಸಾಕೆನ್ನುತ್ತಾರೆ, ಇನ್ನೊಬ್ಬರು 3,000 ಬೇಕೆನ್ನುತ್ತಾರೆ. ನಮ್ಮದು ಮಲೆನಾಡು, ಏರು ಜಾಸ್ತಿ.
– ತೀರ್ಥಹಳ್ಳಿಯ ಅಡಿಕೆ ಬೆಳೆಗಾರರು

ಇಬ್ಬರೂ ಸರಿ, ಇಬ್ಬರ ರಸ್ತೆ ಬೇರೆ. ಗಾಡಿ 115 ಕೆಜಿ, ಸವಾರ 75 ಕೆಜಿ, ಒಟ್ಟು 190 ಎಂದಿಟ್ಟುಕೊಳ್ಳಿ. ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 45 ಕಿಲೋಮೀಟರ್ ಹೋಗುವಾಗ ಟೈರಿನ ಎಳೆತ ಸುಮಾರು 28 ನ್ಯೂಟನ್, ಗಾಳಿಯ ಎಳೆತ 56 ನ್ಯೂಟನ್. ಚಕ್ರಕ್ಕೆ ಬೇಕಾದದ್ದು 1,050 ವ್ಯಾಟ್, ಮೋಟಾರ್ ಮತ್ತು ಅದಕ್ಕೆ ಕರೆಂಟ್ ಅಳೆದು ಕೊಡುವ ಕಂಟ್ರೋಲರ್‌ನ ನಷ್ಟ ಸೇರಿಸಿದರೆ ಬ್ಯಾಟರಿಯಿಂದ 1,300 ವ್ಯಾಟ್. 60ಕ್ಕೆ ಏರಿಸಿದರೆ ಬ್ಯಾಟರಿಯ ಮೇಲೆ 2,700 ವ್ಯಾಟ್ ಬೀಳುತ್ತದೆ. ವೇಗ ಮೂರನೇ ಒಂದು ಭಾಗ ಹೆಚ್ಚಾದರೆ ವಿದ್ಯುತ್ ಎರಡರಷ್ಟು, ಎಲ್ಲ ಗಾಳಿಯ ಕೆಲಸ.

ಏರಿನಲ್ಲಿ ತೊಂದರೆ ಬೇರೆ ಬಗೆಯದು. ಹತ್ತಕ್ಕೆ ಒಂದರ ಏರು, ಹಿಂದೆ ಒಬ್ಬರು ಕೂತು ಒಟ್ಟು 260 ಕೆಜಿ, ವೇಗ 25 ಎನ್ನಿ. ಚಕ್ರದಲ್ಲಿ ಬೇಕಾದ ತಳ್ಳುವ ಬಲ 310 ನ್ಯೂಟನ್. 18 ಇಂಚಿನ ರಿಮ್ಮಿಗೆ ಟೈರ್ ಸೇರಿ ತ್ರಿಜ್ಯ ಸುಮಾರು 30 ಸೆಂಟಿಮೀಟರ್, ಅಂದರೆ 93 ನ್ಯೂಟನ್ ಮೀಟರ್ ತಿರುಚು ಬಲ. ಪೆಟ್ರೋಲ್ ಗಾಡಿಯಾಗಿದ್ದರೆ ಎರಡನೇ ಗೇರ್ ಹಾಕುತ್ತಿದ್ದಿರಿ. ಹಬ್ ಮೋಟಾರ್‌ಗೆ, ಅಂದರೆ ಚಕ್ರದ ನಡುವೆಯೇ ಕೂರುವ ಮೋಟಾರ್‌ಗೆ, ಗೇರ್ ಇಲ್ಲ, ಆ ಬಲವನ್ನೆಲ್ಲ ಕರೆಂಟ್ ಸುರಿದೇ ಕೊಡಬೇಕು. ಚಕ್ರ ನಿಧಾನ, ಕರೆಂಟ್ ಜಾಸ್ತಿ, ಒಳಗಿನ ತಂತಿಸುರುಳಿ (ವೈಂಡಿಂಗ್) ಬಿಸಿಯಾಗುತ್ತದೆ. ಎರಡು ನಿಮಿಷದ ಏರಾದರೆ ಹಬ್ಬಿನ ಲೋಹ ಆ ಬಿಸಿಯನ್ನು ನುಂಗಿಕೊಳ್ಳುತ್ತದೆ. ಆಗುಂಬೆಯ 14 ತಿರುವುಗಳಂತೆ ಬಿಡುವಿಲ್ಲದ ಘಾಟಿಯಾದರೆ ನುಂಗುವುದಿಲ್ಲ. ಬಿಸಿ ಮಿತಿಮೀರಿದರೆ ಆಯಸ್ಕಾಂತಗಳು ಶಕ್ತಿ ಕಳೆದುಕೊಳ್ಳುತ್ತವೆ, ಆಮೇಲೆ ತಣ್ಣಗಾದರೂ ಅದು ಮರಳುವುದಿಲ್ಲ.

ಹಾಗಾಗಿ ಬಯಲುಸೀಮೆಯ ಊರೊಳಗಿನ ಓಡಾಟಕ್ಕೆ 1,500ರಿಂದ 2,000 ವ್ಯಾಟ್‌ನ ಹಬ್ ಮೋಟಾರ್ ಸಾಕು. ನಿಮ್ಮಂಥ ಜಾಗಕ್ಕೆ ಹಬ್ ಬಿಟ್ಟು, ಎಂಜಿನ್ ಇದ್ದ ಜಾಗದಲ್ಲಿ 3,000 ವ್ಯಾಟ್‌ನ ಮೋಟಾರ್ ಕೂರಿಸಿ ಚೈನಿನಿಂದ ಹಿಂದಿನ ಚಕ್ರ ತಿರುಗಿಸುವುದೇ ಲೇಸು. ಮುಂದಿನ ಚಿಕ್ಕ ಹಲ್ಲುಗಾಲಿಗೂ ಹಿಂದಿನ ದೊಡ್ಡದಕ್ಕೂ ಇರುವ ಅನುಪಾತವೇ ಒಂದು ಗೇರಿನಂತೆ ದುಡಿಯುತ್ತದೆ. ಖರ್ಚು, ಸದ್ದು, ಕೆಲಸ ಮೂರೂ ಹೆಚ್ಚು. ಆದರೂ ನಡು ಏರಿನಲ್ಲಿ ಇಬ್ಬರೂ ಇಳಿದು ತಳ್ಳುವುದಕ್ಕಿಂತ ವಾಸಿ.

ಒಂದು ಮಾತು: ಸ್ಪ್ಲೆಂಡರ್‌ನ ಚಾಸಿ ಎಂಜಿನ್ನನ್ನು ಎರಡು ಕೊಳವೆಗಳಿಂದ ಕೆಳಗಿನಿಂದಲೂ ತೊಟ್ಟಿಲಿನಂತೆ ಹಿಡಿದಿರುತ್ತದೆ. ಎಂಜಿನ್ ಇಳಿಸಿದರೂ ಅದರ ಆಕಾರ ನಿಲ್ಲುತ್ತದೆ. ‘ಡೈಮಂಡ್’ ಚಾಸಿಯ ಬೈಕುಗಳಲ್ಲಿ ಕೆಳಗಿನ ಕೊಳವೆ ಇರುವುದಿಲ್ಲ, ಎಂಜಿನ್ ತಾನೇ ಚಾಸಿಯ ಒಂದು ಭಾಗ. ಅಂಥದ್ದರಲ್ಲಿ ಎಂಜಿನ್ ತೆಗೆದ ಮೇಲೆ ಅದೇ ಬೋಲ್ಟ್ ತೂತುಗಳನ್ನು ಕೂಡಿಸುವ ಗಟ್ಟಿ ಉಕ್ಕಿನ ಚೌಕಟ್ಟು ಹಾಕದೆ ಗಾಡಿ ಅಲ್ಲಾಡಿಸಲೂ ಬಾರದು.

ಪ್ರಶ್ನೆ: ಲೆಡ್ ಆಸಿಡ್ ಬ್ಯಾಟರಿ ಆರು ಹಾಕಿದರೆ 72 ವೋಲ್ಟ್ ಆಗುತ್ತದೆ, ಅಗ್ಗ. ಲಿಥಿಯಂ ಯಾಕೆ ಬೇಕು? ದಿನಕ್ಕೆ 40 ಕಿಲೋಮೀಟರ್ ಓಡಾಟ.
– ಕಲಬುರಗಿಯ ಓದುಗರು

ಆರು ಲೆಡ್ ಬ್ಯಾಟರಿ ಎಂದರೆ 50 ಕೆಜಿ ಹತ್ತಿರ, ನಿತ್ಯ ಒಬ್ಬ ಹುಡುಗನನ್ನು ಕೂರಿಸಿಕೊಂಡು ಹೋದ ಹಾಗೆ. ಬ್ಯಾಟರಿಯ ಮೇಲೆ ಬರೆದಿರುವ ಆಂಪಿಯರ್-ಅವರ್ (ಎಷ್ಟು ಕರೆಂಟ್ ಎಷ್ಟು ಹೊತ್ತು ಎಂಬ ಅಳತೆ) ನಿಧಾನವಾಗಿ, ಹತ್ತಿಪ್ಪತ್ತು ಗಂಟೆಯಲ್ಲಿ ಖಾಲಿ ಮಾಡಿದರೆ ಸಿಗುವಂಥದ್ದು. ಒಂದೇ ಗಂಟೆಯಲ್ಲಿ ಎಳೆದರೆ ಅದರ ಅರ್ಧದಿಂದ ಮುಕ್ಕಾಲು ಸಿಕ್ಕೀತು. ದಿನಾ ಪೂರ್ತಿ ಖಾಲಿ ಮಾಡಿದರೆ ಒಂದೂವರೆ ವರ್ಷ ಬಂದರೆ ಪುಣ್ಯ.

ಲಿಥಿಯಂನಲ್ಲೂ ಎರಡು ಜಾತಿ ಅಂಗಡಿಯಲ್ಲಿವೆ. ಎನ್‌ಎಂಸಿ (ನಿಕ್ಕಲ್-ಮ್ಯಾಂಗನೀಸ್-ಕೋಬಾಲ್ಟ್) ಹಗುರ, ಆದರೆ ಬಿಸಿ ತಡೆಯುವ ಗುಣ ಕಮ್ಮಿ. ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಸ್ವಲ್ಪ ಭಾರ, ಬಿಸಿಗೆ ಅಷ್ಟು ಬೇಗ ಕೆರಳುವುದಿಲ್ಲ, ಬಾಳಿಕೆ ಹೆಚ್ಚು. ಕಲಬುರಗಿಯ ಏಪ್ರಿಲ್-ಮೇ ಬಿಸಿಲಲ್ಲಿ, ಮನೆಯಲ್ಲಿ ಜೋಡಿಸುವ ಪ್ಯಾಕ್‌ಗೆ ನಮ್ಮ ಮತ ಎಲ್‌ಎಫ್‌ಪಿಗೆ, ಎರಡನೇ ಮಾತಿಲ್ಲ.

ಲೆಕ್ಕ ಹೀಗೆ. ಊರೊಳಗೆ 40-45ರ ವೇಗದಲ್ಲಿ ನಿಂತು ಹೊರಡುವುದೆಲ್ಲ ಸೇರಿ ಕಿಲೋಮೀಟರಿಗೆ 35 ವ್ಯಾಟ್-ಅವರ್ ಹಿಡಿಯಿರಿ. 40 ಕಿಲೋಮೀಟರಿಗೆ 1,400. ಬ್ಯಾಟರಿಯ ಶೇ 85 ಮಾತ್ರ ಬಳಸುವುದು, ಹಳತಾದಾಗ ಶೇ 20 ಕುಗ್ಗುವುದು ಎರಡನ್ನೂ ಸೇರಿಸಿದರೆ ಹೊಸದರಲ್ಲಿ 2,060 ವ್ಯಾಟ್-ಅವರ್ ಆದರೂ ಇರಬೇಕು. 32140 ಎಂಬ ಸಿಲಿಂಡರ್ ಆಕಾರದ ಸೆಲ್ 3.2 ವೋಲ್ಟ್, 15 ಆಂಪಿಯರ್-ಅವರ್. ಎರಡೆರಡನ್ನು ಪಕ್ಕಪಕ್ಕ (ಪ್ಯಾರಲಲ್) ಜೋಡಿ ಮಾಡಿ 24 ಜೋಡಿಗಳನ್ನು ಸಾಲಾಗಿ (ಸೀರೀಸ್) ಕಟ್ಟಿದರೆ 48 ಸೆಲ್, 76.8 ವೋಲ್ಟ್, 30 ಆಂಪಿಯರ್-ಅವರ್, 2,304 ವ್ಯಾಟ್-ಅವರ್. ಸೆಲ್‌ಗಳ ತೂಕ 14 ಕೆಜಿ ಆಸುಪಾಸು. ಹೊಸದರಲ್ಲಿ 55 ಕಿಲೋಮೀಟರ್ ನಿರಾತಂಕ.

ತುದಿಯಲ್ಲಿ ಬೋಲ್ಟ್ ಹಾಕುವ ಬಗೆಯ ಸೆಲ್ ಕೊಳ್ಳಿ, ತಾಮ್ರದ ಪಟ್ಟಿಯಿಂದ ಕೂಡಿಸಿ. ಸ್ಪಾಟ್ ವೆಲ್ಡಿಂಗ್‌ಗೆ ಬಳಸುವ 0.15 ಮಿಲಿಮೀಟರ್ ನಿಕ್ಕಲ್ ಪಟ್ಟಿ ಒಂದೊಂದು ಹೊರುವುದು ಐದಾರು ಆಂಪಿಯರ್, ನಿಮಗೆ ಬೇಕಿರುವುದು 40. ಸೆಲ್‌ಗಳನ್ನು ಪಕ್ಕಪಕ್ಕ ಜೋಡಿ ಮಾಡುವ ಮೊದಲು ಒಂದೊಂದರ ವೋಲ್ಟೇಜ್ ಬರೆದಿಡಿ. 0.02 ವೋಲ್ಟ್‌ಗಿಂತ ಹೆಚ್ಚು ವ್ಯತ್ಯಾಸ ಇದ್ದವನ್ನು ಜೋಡಿ ಮಾಡಬೇಡಿ.

ಸೆಲ್‌ಗಳು ಮಿತಿಮೀರದಂತೆ ಕಾಯುವ ಬಿಎಂಎಸ್ ಎಂಬ ಸರ್ಕ್ಯೂಟ್ 24 ಸಾಲಿನದ್ದು, ಎಲ್‌ಎಫ್‌ಪಿಗೆ ಮಾಡಿದ್ದು, 60 ಆಂಪಿಯರ್‌ನದು ಇರಲಿ. ಕಂಟ್ರೋಲರ್ ಸೆಳೆಯುವ ಮಿತಿ 40. ಬಿಎಂಎಸ್‌ನ ತಾಪ ತಿಳಿಯುವ ತಂತಿಯನ್ನು ಪ್ಯಾಕ್‌ನ ನಡುವಿನ ಸೆಲ್‌ಗೆ ಅಂಟಿಸಿ, ಗಾಳಿಯಲ್ಲಿ ನೇತಾಡಲು ಬಿಡಬೇಡಿ. ಬಿಸಿ ಮೊದಲು ಕೂಡುವುದೇ ನಡುವೆ.

ಇನ್ನು ಎಲ್ಲಕ್ಕಿಂತ ಎಚ್ಚರದ ಮಾತು. 24 ಸಾಲಿನ ಎಲ್‌ಎಫ್‌ಪಿಗೆ ಚಾರ್ಜರ್ 87.6 ವೋಲ್ಟ್. 20 ಸಾಲಿನ ಎನ್‌ಎಂಸಿಗೆ 84 ವೋಲ್ಟ್. ಅಂಗಡಿಯಲ್ಲಿ ಎರಡಕ್ಕೂ ‘72 ವೋಲ್ಟ್ ಚಾರ್ಜರ್’ ಎಂದೇ ಹೆಸರು, ಪ್ಲಗ್ಗೂ ಒಂದೇ ಇರಬಹುದು. 84ರ ಚಾರ್ಜರನ್ನು ಎಲ್‌ಎಫ್‌ಪಿಗೆ ಹಾಕಿದರೆ ಸ್ವಲ್ಪ ತುಂಬದೆ ಉಳಿಯುತ್ತದೆ, ಅಷ್ಟೇ. 87.6ರದ್ದನ್ನು ಎನ್‌ಎಂಸಿಗೆ ಹಾಕಿದರೆ ಸೆಲ್ಲಿಗೆ 4.38 ವೋಲ್ಟ್, ಮಿತಿ 4.2. ಅಲ್ಲಿಂದಾಚೆ ಕಾಯುವುದು ಬಿಎಂಎಸ್ ಒಂದೇ, ಅದೂ ಕೈಕೊಟ್ಟರೆ ಬೆಂಕಿ. ಚಾರ್ಜರಿನ ಮೇಲೆ ಬಣ್ಣದಲ್ಲಿ ವೋಲ್ಟ್ ಬರೆದಿಡಿ. ಕಂಟ್ರೋಲರ್ ಮೇಲೂ ‘72’ ಎಂದು ಮಾತ್ರ ಇದ್ದರೆ ಸಾಲದು, ಗರಿಷ್ಠ 90 ಅಥವಾ ಅದಕ್ಕಿಂತ ಹೆಚ್ಚು ತಡೆಯುತ್ತದೆಂದು ಬರೆದಿರಬೇಕು.

ಪ್ರಶ್ನೆ: ಹಬ್ ಮೋಟಾರ್ ಹಿಂದಿನ ಫೋರ್ಕಿಗೆ ಕೂರಿಸಿದೆವು. ನಾಲ್ಕೇ ದಿನದಲ್ಲಿ ನಟ್ ಸಡಿಲ. ಬಿಗಿ ಮಾಡಿದರೂ ಮತ್ತೆ ಅದೇ. ವೆಲ್ಡಿಂಗ್ ಮಾಡಿಬಿಡಬಹುದಾ?
– ಹುಬ್ಬಳ್ಳಿಯ ಲೇತ್ ಕೆಲಸಗಾರರು

ವೆಲ್ಡಿಂಗ್ ಬೇಡ, ಪಂಕ್ಚರ್ ಆದ ದಿನ ಚಕ್ರ ಬಿಚ್ಚುವುದು ಹೇಗೆ? ತೊಂದರೆ ನಟ್ಟಿನದ್ದಲ್ಲ.

ಮಾಮೂಲಿ ಬೈಕಿನ ಹಿಂದಿನ ಆಕ್ಸಲ್ ಸುಮ್ಮನೆ ಹಿಡಿದಿರುತ್ತದೆ, ಚಕ್ರವನ್ನು ಎಳೆಯುವುದು ಚೈನು. ಹಬ್ ಮೋಟಾರ್‌ನಲ್ಲಿ ಚಕ್ರ ಮುಂದಕ್ಕೆ ತಿರುಗಲು ಎಷ್ಟು ಬಲವೋ ಅಷ್ಟೇ ಬಲದಲ್ಲಿ ಆಕ್ಸಲ್ ಹಿಂದಕ್ಕೆ ತಿರುಗಲು ನೋಡುತ್ತದೆ. 100 ನ್ಯೂಟನ್ ಮೀಟರ್ ಎಂದುಕೊಳ್ಳಿ. ಆಕ್ಸಲ್‌ನ ಎರಡು ಚಪ್ಪಟೆ ಮುಖಗಳ ನಡುವೆ ಇರುವುದು ಒಂದು ಸೆಂಟಿಮೀಟರ್ ಚಿಲ್ಲರೆ. ಅಷ್ಟು ಗಿಡ್ಡ ಸನ್ನೆಯ ಮೇಲೆ ಆ ಬಲ ಬಿದ್ದಾಗ ಫೋರ್ಕಿನ ಸೀಳಿನ ಅಂಚಿಗೆ ಒತ್ತುವುದು ಸುಮಾರು ಒಂದು ಟನ್ ಭಾರ. ಫೋರ್ಕಿನ ತಗಡು ಅಂಚಿನಲ್ಲಿ ಜಜ್ಜಿಹೋಗುತ್ತದೆ, ಸೀಳು ಅಗಲವಾಗುತ್ತದೆ, ನಟ್ ಸಡಿಲಾಗುತ್ತದೆ. ಬ್ರೇಕ್ ಹಿಡಿದಾಗ ಮೋಟಾರ್ ಚಾರ್ಜ್ ಮಾಡುವ ವ್ಯವಸ್ಥೆ ಇದ್ದರೆ ಬಲ ಉಲ್ಟಾ ದಿಕ್ಕಿಗೂ ಬೀಳುತ್ತದೆ. ಹಲ್ಲು ಅಲ್ಲಾಡಿಸಿ ಕೀಳುವುದು ಹೀಗೇ ಅಲ್ಲವೇ?

ಸಡಿಲು ಮುಂದುವರಿದು ಆಕ್ಸಲ್ ಒಂದು ಸುತ್ತು ತಿರುಗಿದರೆ ಅದರೊಳಗಿಂದ ಬರುವ ಮೂರು ದಪ್ಪ ತಂತಿಗಳು ತಿರುಚಿ ಸಿಪ್ಪೆ ಸುಲಿಯುತ್ತವೆ. ಅವು ಒಂದಕ್ಕೊಂದು ತಾಗಿದರೆ ಮೋಟಾರ್ ತಾನೇ ಬ್ರೇಕ್ ಆಗುತ್ತದೆ, ಓಡುವ ಗಾಡಿಯ ಹಿಂಚಕ್ರ ಕಚ್ಚಿಕೊಳ್ಳುತ್ತದೆ. ಅದಕ್ಕೇ ಇದನ್ನು ತಾತ್ಸಾರ ಮಾಡಬಾರದು.

ನಿಮ್ಮ ಕೈಲಿ ಲೇತ್ ಇದೆ, ಅರ್ಧ ದಿನದ ಕೆಲಸ. 8 ಮಿಲಿಮೀಟರ್ ದಪ್ಪದ ಎಂಎಸ್ (ಮೈಲ್ಡ್ ಸ್ಟೀಲ್) ಪ್ಲೇಟಿನಲ್ಲಿ 150 ಮಿಲಿಮೀಟರ್ ಉದ್ದದ ಎರಡು ತೋಳು ಕತ್ತರಿಸಿ, ಎಡಕ್ಕೊಂದು ಬಲಕ್ಕೊಂದು. ಒಂದು ತುದಿಯಲ್ಲಿ ಆಕ್ಸಲ್‌ನ ಚಪ್ಪಟೆ ಮುಖಕ್ಕೆ ತಕ್ಕ ತೂತು. ಗ್ಯಾಸ್ ಕಟಿಂಗ್ ಬೇಡ, ಲೇಸರ್‌ನಲ್ಲಿ ಸ್ವಲ್ಪ ಕಿರಿದಾಗಿ ಕತ್ತರಿಸಿ ಅರದಿಂದ ಉಜ್ಜಿ, ಸುತ್ತಿಗೆಯ ಹಿಡಿಯಲ್ಲಿ ಮೆಲ್ಲಗೆ ತಟ್ಟಿದರೆ ಮಾತ್ರ ಕೂರುವಷ್ಟು ಬಿಗಿ ಮಾಡಿ. ಇನ್ನೊಂದು ತುದಿ ಆಕ್ಸಲ್‌ನಿಂದ 120 ಮಿಲಿಮೀಟರ್ ದೂರದಲ್ಲಿ ಫೋರ್ಕಿಗೆ 8.8 ಗ್ರೇಡಿನ 8 ಎಂಎಂ ಬೋಲ್ಟಿನಲ್ಲಿ ಸೇರಲಿ. ಸನ್ನೆ ಉದ್ದವಾದ ಕಾರಣ ಆ ಬೋಲ್ಟಿನ ಮೇಲೆ ಬೀಳುವ ಭಾರ 85 ಕೆಜಿಯಷ್ಟೇ. ಒಂದು ಟನ್ ಎಲ್ಲಿ, 85 ಕೆಜಿ ಎಲ್ಲಿ! ಫೋರ್ಕಿನ ಕೊಳವೆಯನ್ನೇ ಕೊರೆಯಬೇಡಿ, ಅದಕ್ಕೊಂದು ಕಿವಿ ವೆಲ್ಡ್ ಮಾಡಿಸಿ ಅಥವಾ ಕ್ಲ್ಯಾಂಪ್ ಹಾಕಿ. ನಟ್ ಬಿಗಿದ ಮೇಲೆ ನಟ್ಟಿಗೂ ಪ್ಲೇಟಿಗೂ ಸೇರಿ ಒಂದು ಬಿಳಿ ಬಣ್ಣದ ಗೆರೆ ಎಳೆಯಿರಿ. ಗೆರೆ ಮುರಿದಿದ್ದರೆ ನಟ್ ತಿರುಗಿದೆ ಎಂದೇ ಅರ್ಥ. ಮೊದಲ 50 ಕಿಲೋಮೀಟರಿಗೆ ಒಮ್ಮೆ ಬಿಗಿ ನೋಡಿ.

ನಿಮ್ಮ ಪತ್ರದಲ್ಲಿ ಬ್ರೇಕಿನ ಸುದ್ದಿಯೇ ಇಲ್ಲ. ಸ್ಪ್ಲೆಂಡರ್‌ನ ಹಿಂಬ್ರೇಕ್ ಪೆಡಲ್, ರಾಡ್ ಬಲಗಡೆ. ಸ್ಕೂಟರಿಗೆಂದು ಮಾಡಿದ ಕೆಲವು ಹಬ್‌ಗಳಲ್ಲಿ ಡ್ರಮ್ ಎಡಗಡೆ ಇರುತ್ತದೆ, ಕೊಳ್ಳುವ ಮೊದಲೇ ನೋಡಬೇಕು. ಬ್ರೇಕ್ ಪ್ಲೇಟ್ ತಿರುಗದಂತೆ ಹಿಡಿಯುವ ಟಾರ್ಕ್ ರಾಡನ್ನು ಹೊಸ ಪ್ಲೇಟಿಗೂ ಸಿಕ್ಕಿಸಲೇಬೇಕು. ಎಂಜಿನ್ ಬ್ರೇಕ್ ಇನ್ನಿಲ್ಲ, ಇರುವ ಎರಡು ಬ್ರೇಕೇ ಎಲ್ಲ.

ಪ್ರಶ್ನೆ: ವೈರಿಂಗ್‌ನಲ್ಲಿ ಯಾವ ಫ್ಯೂಸ್, ಯಾವ ತಂತಿ? ಬೈಕಿನ ಕೀ, ಹೆಡ್‌ಲೈಟ್, ಹಾರನ್ ಹಾಗೇ ಉಳಿಸಿಕೊಳ್ಳಬಹುದಾ?
– ಚಿತ್ರದುರ್ಗದ ಐಟಿಐ ವಿದ್ಯಾರ್ಥಿಗಳು

ಮೊದಲು ಉಂಗುರ, ವಾಚು, ಕೈಗಡಗ ಬಿಚ್ಚಿಡಿ. 12 ವೋಲ್ಟಿನ ರೂಢಿಯಲ್ಲಿ 87 ವೋಲ್ಟ್ ಡಿಸಿ ಮುಟ್ಟುವ ಹಾಗಿಲ್ಲ. ಸ್ಪಾನರ್‌ಗಳ ಹಿಡಿಗೆ ಇನ್ಸುಲೇಷನ್ ಟೇಪ್ ಸುತ್ತಿ.

ಬ್ಯಾಟರಿಯಿಂದ ಕಂಟ್ರೋಲರ್‌ವರೆಗೆ 10 ಚದರ ಮಿಲಿಮೀಟರಿನ ಬಳುಕುವ ತಾಮ್ರದ ತಂತಿ. ತಂತಿಯ ತುದಿಗೆ ಹಾಕುವ ಲಗ್ಗನ್ನು ಕ್ರಿಂಪಿಂಗ್ ಟೂಲಿನಲ್ಲೇ ಒತ್ತಿ, ಸುತ್ತಿಗೆಯಲ್ಲಿ ಜಜ್ಜಿದ ಲಗ್ ಬಿಸಿಯಾಗಿ ಕರಗಿದ್ದೇ ಹೆಚ್ಚು. ಫ್ಯೂಸ್ 60 ಆಂಪಿಯರ್, ಬ್ಯಾಟರಿಯ ಪ್ಲಸ್‌ನಿಂದ ಒಂದು ಗೇಣಿನೊಳಗೆ. ಕಾರಿನ ಬ್ಲೇಡ್ ಫ್ಯೂಸ್ ಹಾಕಬೇಡಿ: ಅದರ ಮೇಲೆ 32 ವೋಲ್ಟ್ ಎಂದು ಬರೆದಿರುತ್ತದೆ. 80 ವೋಲ್ಟಿಗೆ ಅದು ಕರಗಿದರೂ ನಡುವಿನ ಕಿಡಿ ಆರದೆ ಉರಿಯುತ್ತಲೇ ಇರುತ್ತದೆ. ಮನೆಯ ಎಂಸಿಬಿಯೂ ಅದೇ ಕಾರಣಕ್ಕೆ ಬೇಡ. ಎಸಿ ಕರೆಂಟ್ ಸೆಕೆಂಡಿಗೆ ನೂರು ಸಲ ಸೊನ್ನೆಗೆ ಬರುವುದರಿಂದ ಕಿಡಿ ತಾನಾಗಿ ಆರುತ್ತದೆ, ಡಿಸಿಗೆ ಆ ಬಿಡುವಿಲ್ಲ. ‘ಡಿಸಿ’ ಎಂದೇ ಬರೆದಿರುವ 63 ಆಂಪಿಯರ್ ಎಂಸಿಬಿ ಕೇಳಿ ತನ್ನಿ, ಪ್ಲಸ್-ಮೈನಸ್ ಗುರುತು ಇದ್ದರೆ ಅದರಂತೆಯೇ ಹಾಕಿ.

ಮೊದಲ ಬಾರಿ ಬ್ಯಾಟರಿ ಕೂಡಿಸುವಾಗ ‘ಟಪ್’ ಎಂದು ಕಿಡಿ ಹಾರುವುದು ಕಂಟ್ರೋಲರ್‌ನ ಕೆಪ್ಯಾಸಿಟರ್ ತುಂಬುವುದರಿಂದ. ದಿನಾ ಹೀಗಾದರೆ ಕನೆಕ್ಟರ್ ತುದಿ ಕರಿಕಾಗುತ್ತದೆ. 100 ಓಮ್, 10 ವ್ಯಾಟ್‌ನ ರೆಸಿಸ್ಟರ್ ಮೂಲಕ ಎರಡು ಸೆಕೆಂಡ್ ಮುಟ್ಟಿಸಿ, ಆಮೇಲೆ ನೇರ ಕೂಡಿಸಿ.

ಕೀ ಸ್ವಿಚ್ಚಿನಲ್ಲಿ ಮೋಟಾರಿನ ಕರೆಂಟ್ ಹರಿಯಬಾರದು. ಕಂಟ್ರೋಲರ್‌ನ ತೆಳು ‘ಲಾಕ್’ ತಂತಿಯೊಂದು ಮಾತ್ರ ಅದರಲ್ಲಿ ಹಾಯಲಿ. 72 ವೋಲ್ಟನ್ನು 12ಕ್ಕೆ ಇಳಿಸುವ ಕನ್ವರ್ಟರನ್ನೂ ಅದೇ ಕೀಗೆ ಪೋಣಿಸಿದರೆ ಆನ್ ಮಾಡಿದ ಪ್ರತಿ ಸಲ ಕಿಡಿ ಹಾರಿ, ಒಂದು ದಿನ ಒಳಗಿನ ಪಾಯಿಂಟ್ ಅಂಟಿಕೊಂಡು ಕೀ ತೆಗೆದರೂ ಗಾಡಿ ಆನ್ ಇರುತ್ತದೆ. ಕನ್ವರ್ಟರಿಗೆ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡದನ್ನು ಆನ್ ಮಾಡುವ ಸ್ವಿಚ್) ಹಾಕಿ.

ಹಳೇ ಸ್ಪ್ಲೆಂಡರ್‌ನಲ್ಲಿ ಐಡಲಿಂಗ್‌ನಲ್ಲಿ ಹೆಡ್‌ಲೈಟ್ ಮಂಕಾಗಿ, ರೇಸ್ ಮಾಡಿದರೆ ಬೆಳಗುತ್ತಿದ್ದುದು ನೆನಪಿದೆಯೇ? ಅದು ಬ್ಯಾಟರಿಯಿಂದಲ್ಲ, ಎಂಜಿನ್ನಿನ ಮ್ಯಾಗ್ನೆಟ್ ಕಾಯಿಲ್‌ನಿಂದ ನೇರ ಬರುವ ಎಸಿ. ಎಂಜಿನ್ ಹೋದ ಮೇಲೆ ಆ ತಂತಿಗೆ 12 ವೋಲ್ಟ್ ಡಿಸಿ ನೀವೇ ಕೊಡಬೇಕು. ಹೆಡ್‌ಲೈಟ್ 35 ವ್ಯಾಟ್, ಹಿಂದಿನ ದೀಪ ಮತ್ತು ಬ್ರೇಕ್ ದೀಪ 26, ಇಂಡಿಕೇಟರ್ ಎರಡು 20, ಹಾರನ್ 30: ಒಟ್ಟು 110 ಮೀರುತ್ತದೆ. 12 ವೋಲ್ಟ್ 10 ಆಂಪಿಯರ್ ಕನ್ವರ್ಟರ್ ಬೇಕು, ಒಳಸುತ್ತು ಹೊರಸುತ್ತು ಬೇರೆಬೇರೆ ಇರುವ ಐಸೊಲೇಟೆಡ್ ಬಗೆಯದ್ದು. 72 ವೋಲ್ಟಿನ ಪ್ಲಸ್ಸಾಗಲಿ ಮೈನಸ್ಸಾಗಲಿ ಚಾಸಿಗೆ ತಾಗಕೂಡದು. ಕೆಲಸ ಮುಗಿದ ಮೇಲೆ ಮಲ್ಟಿಮೀಟರ್‌ನಲ್ಲಿ ಬ್ಯಾಟರಿಯ ಎರಡೂ ತುದಿಯಿಂದ ಚಾಸಿಗೆ ಅಳೆಯಿರಿ. ಹತ್ತಾರು ವೋಲ್ಟ್ ಅಲುಗದೆ ನಿಂತರೆ ಎಲ್ಲೋ ತಂತಿ ಸುಲಿದಿದೆ.

ಬ್ರೇಕ್ ದೀಪದ 12 ವೋಲ್ಟನ್ನು ಕಂಟ್ರೋಲರ್‌ನ ‘ಹೈ ಬ್ರೇಕ್’ ತಂತಿಗೂ ಕೊಡಿ, ಬ್ರೇಕ್ ಮುಟ್ಟಿದೊಡನೆ ಮೋಟಾರ್ ನಿಲ್ಲುತ್ತದೆ. ಸ್ಪೀಡೋಮೀಟರ್ ಬಗ್ಗೆ ಚಿಂತೆ ಬೇಡ, ಮುಳ್ಳಿನ ಹಳೇ ಮೀಟರ್‌ಗೆ ಕೇಬಲ್ ಬರುವುದು ಮುಂದಿನ ಚಕ್ರದಿಂದ. ಪೆಟ್ರೋಲ್ ಮುಳ್ಳಿನ ಜಾಗಕ್ಕೆ ವೋಲ್ಟ್ ಮೀಟರ್ ಹಾಕಬೇಡಿ. ಎಲ್‌ಎಫ್‌ಪಿಯ ವೋಲ್ಟೇಜ್ ಮುಕ್ಕಾಲು ತುಂಬಿದ್ದಾಗಲೂ ಕಾಲು ಉಳಿದಾಗಲೂ ಹೆಚ್ಚುಕಮ್ಮಿ ಒಂದೇ. ಹೋದ ಕರೆಂಟನ್ನೇ ಎಣಿಸುವ ಶಂಟ್ ಮೀಟರ್ ತನ್ನಿ.

ಪ್ರಶ್ನೆ: ಎಲ್ಲ ಜೋಡಿಸಿದೆವು. ಥ್ರಾಟಲ್ ತಿರುಗಿಸಿದರೆ ಚಕ್ರ ಗಡಗಡ ನಡುಗುತ್ತದೆ, ತಿರುಗುವುದಿಲ್ಲ. ಕಂಟ್ರೋಲರ್ ಹೋಯಿತೇ?
– ಬೆಂಗಳೂರಿನ ಡಿಪ್ಲೊಮಾ ವಿದ್ಯಾರ್ಥಿಗಳು

ಬಹುತೇಕ ಹೋಗಿಲ್ಲ. ಹಳದಿ, ಹಸಿರು, ನೀಲಿ ಬಣ್ಣದ, ಮೋಟಾರಿಗೆ ಕರೆಂಟ್ ಒಯ್ಯುವ ಮೂರು ಫೇಸ್ ತಂತಿಗಳ ಕ್ರಮಕ್ಕೂ ಅದೇ ಬಣ್ಣದ ಮೂರು ತೆಳು ಹಾಲ್ ತಂತಿಗಳ (ಚಕ್ರ ಎಷ್ಟು ತಿರುಗಿದೆ ಎಂದು ತಿಳಿಸುವ ಹಾಲ್ ಸೆನ್ಸರಿನವು) ಕ್ರಮಕ್ಕೂ ತಾಳ ತಪ್ಪಿದೆ. ಮೋಟಾರ್ ಒಬ್ಬರದು, ಕಂಟ್ರೋಲರ್ ಇನ್ನೊಬ್ಬರದು ಆದಾಗ ಬಣ್ಣಕ್ಕೆ ಬಣ್ಣ ಸೇರಿಸಿದರೆ ಸರಿಯಾಗಲೇಬೇಕೆಂದಿಲ್ಲ. ಒಟ್ಟು 36 ಜೋಡಣೆ ಸಾಧ್ಯ. ಹಾಲ್ ತಂತಿ ಮುಟ್ಟದೆ ಫೇಸ್ ತಂತಿಗಳನ್ನು ಮಾತ್ರ ಅದಲುಬದಲು ಮಾಡಿದರೆ ಪ್ರಯತ್ನ ಆರಕ್ಕೇ ಮುಗಿಯುತ್ತದೆ. ಚಕ್ರವನ್ನು ನೆಲದಿಂದ ಎತ್ತಿ ನಿಲ್ಲಿಸಿ, ಥ್ರಾಟಲ್ ಚೂರೇ ಕೊಟ್ಟು ನೋಡಿ. ಸರಿಯಾದ ಜೋಡಣೆಯಲ್ಲಿ ಸದ್ದಿಲ್ಲದೆ ತಿರುಗಿ, ಖಾಲಿ ಚಕ್ರಕ್ಕೆ ಒಂದರಿಂದ ಮೂರು ಆಂಪಿಯರ್ ಎಳೆಯುತ್ತದೆ. ತಿರುಗಿದರೂ ಗುಂಯ್‌ಗುಟ್ಟುತ್ತ ಐದಾರು ಆಂಪಿಯರ್ ಎಳೆದರೆ ಅದು ತಪ್ಪು ಜೋಡಣೆಯೇ, ಹಾಗೆ ಓಡಿಸಿದರೆ ಆಗ ನಿಜಕ್ಕೂ ಕಂಟ್ರೋಲರ್ ಹೋಗುತ್ತದೆ. ಕಂಟ್ರೋಲರ್‌ನಲ್ಲಿ ಸ್ವಯಂ ಕಲಿಕೆಯ, ಅಂದರೆ ಸರಿ ಜೋಡಣೆಯನ್ನು ತಾನೇ ಹುಡುಕಿಕೊಳ್ಳುವ, ಎರಡು ಬಿಳಿ ತಂತಿ ಇದ್ದರೆ ಇಷ್ಟೆಲ್ಲ ಬೇಡ: ಅವನ್ನು ಕೂಡಿಸಿ ಕೀ ಆನ್ ಮಾಡಿ. ಚಕ್ರ ಉಲ್ಟಾ ತಿರುಗಿದರೆ ಒಮ್ಮೆ ಬಿಚ್ಚಿ ಮತ್ತೆ ಕೂಡಿಸಿ, ಸರಿ ದಿಕ್ಕು ಬಂದ ಮೇಲೆ ಬೇರೆ ಮಾಡಿ.

ಆರೂ ಸುಳ್ಳಾದರೆ ಹಾಲ್ ಸೆನ್ಸರ್ ನೋಡಿ. ಕೀ ಆನ್ ಇಟ್ಟು ಕಪ್ಪು ತಂತಿಗೂ ಒಂದೊಂದು ಬಣ್ಣದ ತಂತಿಗೂ ಮೀಟರ್ ಹಿಡಿದು ಚಕ್ರವನ್ನು ಕೈಯಲ್ಲಿ ನಿಧಾನ ತಿರುಗಿಸಿ. ಮೂರೂ 0 ಮತ್ತು 5 ವೋಲ್ಟ್ ನಡುವೆ ಜಿಗಿಯಬೇಕು. ಒಂದು ಜಿಗಿಯದಿದ್ದರೆ ಅದೇ ಕಳ್ಳ.

ಪ್ರಶ್ನೆ: ಉಡುಪಿಯ ಮಳೆಗೆ ಇದೆಲ್ಲ ತಡೆಯುತ್ತದೆಯೇ?
– ಉಡುಪಿಯ ಓದುಗರು

ನೀರು ನುಗ್ಗುವುದು ಬ್ಯಾಟರಿ ಪೆಟ್ಟಿಗೆಗಿಂತ ಮೊದಲು ಹಬ್‌ನೊಳಕ್ಕೆ, ಅದೂ ಆಕ್ಸಲ್‌ನ ತಂತಿ ತೂತಿನಿಂದ. ತಂತಿಗುಂಟ ಇಳಿದ ನೀರು ಸೀದಾ ಹಾಲ್ ಸೆನ್ಸರ್ ಸೇರುತ್ತದೆ. ತಂತಿಯನ್ನು ಆಕ್ಸಲ್‌ಗಿಂತ ಕೆಳಗೆ ಒಂದು ಬಳುಕು ಇಳಿಸಿ ಮೇಲಕ್ಕೆ ಒಯ್ಯಿರಿ, ನೀರು ಆ ಬಳುಕಿನಲ್ಲೇ ತೊಟ್ಟಿಕ್ಕಲಿ. ತೂತಿನ ಬಾಯಿಗೆ ಸಿಲಿಕೋನ್ ತುಂಬಿ. ಕನೆಕ್ಟರ್‌ಗಳ ಬಾಯಿ ಕೆಳಕ್ಕಿರಲಿ. ಉಪ್ಪುಗಾಳಿಗೆ ತಾಮ್ರ ಹಸಿರುಗಟ್ಟುತ್ತದೆ, ಕೂಡುವ ಮೊದಲು ಪೆಟ್ರೋಲಿಯಂ ಜೆಲ್ಲಿ ಸವರಿ. ವಾಟರ್ ಸರ್ವಿಸ್‌ನ ಪ್ರೆಷರ್ ಪೈಪಿಗೆ ಈ ಗಾಡಿಯನ್ನು ಎಂದೂ ಒಡ್ಡಬೇಡಿ. ನೀರು ತುಂಬಿದ ರಸ್ತೆಯಲ್ಲಿ ಆಕ್ಸಲ್ ಮುಳುಗುವಷ್ಟಿದ್ದರೆ ಸುತ್ತಿಕೊಂಡು ಹೋಗಿ.

ಪ್ರಶ್ನೆ: ಅಪ್ಪನ ಆರ್‌ಎಕ್ಸ್ 100 ಇದೆ, ಅದನ್ನು ಎಲೆಕ್ಟ್ರಿಕ್ ಮಾಡಿದರೆ ಹೇಗೆ?
– ಮೈಸೂರಿನ ಓದುಗರು

ಬೇಡ. ಆ ಗಾಡಿಗೆ ಜನ ಬೆಲೆ ಕೊಡುವುದು ಅದರ ಸದ್ದಿಗೆ. ಎಂಜಿನ್ ಸರಿ ಮಾಡಿಸಿ ಇಟ್ಟುಕೊಳ್ಳಿ, ಪ್ರಯೋಗಕ್ಕೆ ಬೇರೆ ಗಾಡಿ ನೋಡಿ.

ಪ್ರಶ್ನೆ: ಚಾರ್ಜಿಂಗ್ ಖರ್ಚೆಷ್ಟು? ಗೃಹಜ್ಯೋತಿಯಲ್ಲಿ ಪುಕ್ಕಟೆ ಆಗುತ್ತದೆಯೇ? ಹಾಕಿದ ದುಡ್ಡು ಯಾವಾಗ ವಾಪಸ್?
– ಮಂಡ್ಯದ ಓದುಗರು

ಮೇಲೆ ಹೇಳಿದ ಬ್ಯಾಟರಿಯ ಶೇ 85 ಖಾಲಿಯಾದಾಗ ಮತ್ತೆ ತುಂಬಲು, ಚಾರ್ಜರ್‌ನ ನಷ್ಟ ಸೇರಿ, 2.2 ಯೂನಿಟ್. ಓಡುವುದು 56 ಕಿಲೋಮೀಟರ್. ಯೂನಿಟ್ಟಿಗೆ 7 ರೂಪಾಯಿ ಹಿಡಿದರೂ ಕಿಲೋಮೀಟರಿಗೆ 28 ಪೈಸೆ. ಲೀಟರಿಗೆ 60 ಕೊಡುವ ಗಾಡಿಯಲ್ಲಿ ಪೆಟ್ರೋಲ್ 100 ರೂಪಾಯಿ ಎಂದರೆ 1 ರೂಪಾಯಿ 67 ಪೈಸೆ. ಉಳಿತಾಯ 1 ರೂಪಾಯಿ 39 ಪೈಸೆ. ಎಲ್ಲ ಸೇರಿ 60,000 ರೂಪಾಯಿ ಹಾಕಿದಿರಿ ಎನ್ನಿ, 43,000 ಕಿಲೋಮೀಟರ್ ಓಡಿದ ಮೇಲೆ ಅಸಲು ಬರುತ್ತದೆ. ದಿನಾ 40 ಕಿಲೋಮೀಟರ್ ಓಡುವ ಹಾಲಿನವರು, ಪೇಪರಿನವರಿಗೆ ಸುಮಾರು ಮೂರು ವರ್ಷದ ಮಾತು. ವಾರಕ್ಕೊಮ್ಮೆ ಸಂತೆಗೆ ಹೋಗುವವರು ಈ ಲೆಕ್ಕ ಮಾಡದಿರುವುದೇ ಒಳ್ಳೆಯದು.

ಗೃಹಜ್ಯೋತಿಯಲ್ಲಿ ನಿಮಗಿರುವ ಮಿತಿ 200 ಯೂನಿಟ್ ಅಲ್ಲ, ನಿಮ್ಮ ಹಿಂದಿನ ಸರಾಸರಿ ಬಳಕೆ ಮತ್ತು ಅದರ ಮೇಲೆ ಶೇ 10. ತಿಂಗಳಿಗೆ 25 ದಿನ ಓಡಿಸಿದರೆ ಚಾರ್ಜಿಂಗ್‌ಗೇ 40 ಯೂನಿಟ್ ಬೀಳುತ್ತದೆ, ಸರಾಸರಿ 80 ಇದ್ದ ಮನೆಯಲ್ಲಿ ಆ ಮಿತಿ ದಾಟುವುದು ಖಂಡಿತ, ಹೆಚ್ಚಾದದ್ದಕ್ಕೆ ಬಿಲ್ ಬರುತ್ತದೆ. ಒಟ್ಟು 200 ದಾಟಿದರೆ ಪೂರ್ತಿ ಬಿಲ್ಲೇ ಕಟ್ಟಬೇಕು.

6 ಆಂಪಿಯರ್ ಚಾರ್ಜರ್ ಗೋಡೆಯಿಂದ ಎಳೆಯುವುದು ಮೂರು ಆಂಪಿಯರಿನೊಳಗೆ, ಮಾಮೂಲಿ ಸಾಕೆಟ್ ಸಾಕು, ಅರ್ಥ್ ಮಾತ್ರ ಸರಿಯಿರಲಿ. ಗಾಡಿ ನಿಲ್ಲಿಸಿದ ಕೂಡಲೇ ಚಾರ್ಜಿಗೆ ಹಾಕದೆ ಅರ್ಧ ಗಂಟೆ ಆರಲು ಬಿಡಿ. ಮೆಟ್ಟಿಲ ಕೆಳಗೆ, ಬಾಗಿಲಿಗೆ ಅಡ್ಡವಾಗಿ ನಿಲ್ಲಿಸಿ ರಾತ್ರಿಯಿಡೀ ಚಾರ್ಜ್ ಮಾಡಬೇಡಿ. ಬೆಂಕಿ ಹತ್ತಿದರೆ ಮನೆಯವರು ಹೊರಬರುವ ದಾರಿಯೇ ಅದು.

ಪ್ರಶ್ನೆ: ಘಾಟಿ ಇಳಿಯುವಾಗ ಬ್ಯಾಟರಿ ತಾನೇ ಚಾರ್ಜ್ ಆಗುತ್ತದಂತೆ, ಎಷ್ಟು ಸಿಗುತ್ತದೆ?
– ಮೂಡಿಗೆರೆಯ ಓದುಗರು

190 ಕೆಜಿಯ ಗಾಡಿ 300 ಮೀಟರ್ ಎತ್ತರ ಇಳಿದರೆ ಅದರಲ್ಲಿರುವ ಒಟ್ಟು ಶಕ್ತಿಯೇ 155 ವ್ಯಾಟ್-ಅವರ್. ಅರ್ಧ ಬ್ಯಾಟರಿಗೆ ಸೇರಿದರೆ ಎರಡು ಕಿಲೋಮೀಟರ್ ಓಟ. ಬ್ರೇಕ್ ಶೂ ಸವೆಯುವುದು ಕಮ್ಮಿಯಾಗುತ್ತದೆ, ದೊಡ್ಡ ಲಾಭ ಅದೇ. ಆದರೆ ನಿಮ್ಮ ಮನೆ ಘಾಟಿಯ ಮೇಲಿದ್ದು, ಬೆಳಿಗ್ಗೆ ಪೂರ್ತಿ ತುಂಬಿದ ಬ್ಯಾಟರಿಯಲ್ಲಿ ಇಳಿಯುತ್ತೀರಾದರೆ ಜೋಕೆ. ತುಂಬಿದ ಬ್ಯಾಟರಿಗೆ ಇನ್ನಷ್ಟು ಸುರಿಯಲು ಹೋದಾಗ ಬಿಎಂಎಸ್ ಕಡಿದುಕೊಳ್ಳುತ್ತದೆ, ಮೋಟಾರಿನ ಹಿಡಿತ ತಿರುವಿನ ನಡುವೆ ತಟ್ಟನೆ ತಪ್ಪುತ್ತದೆ. ಅಂಥವರು ರಾತ್ರಿ ಶೇ 90ಕ್ಕೇ ಚಾರ್ಜರ್ ತೆಗೆಯಿರಿ, ಇಳಿಯುವಾಗ ಎರಡು ಬೆರಳು ಮುಂದಿನ ಬ್ರೇಕ್ ಮೇಲಿರಲಿ.